ಮೊದಲಕ್ಷರದ ನಂಟು ಮತ್ತು ಇಂಗ್ಲಿಷ್ ಪದಸಂಪತ್ತು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳಿಂದ ಪ್ರೌಢಶಾಲೆಗೆ ಬರುವ ಮಕ್ಕಳಿಗೆ ಇಂಗ್ಲಿಷ್ ಇಂದಿಗೂ ಕಬ್ಬಿಣದ ಕಡಲೆಯಾಗಿಯೇ ಉಳಿದಿದೆಯೆಂಬುದು ಅಧ್ಯಾಪಕ ಮಿತ್ರರೆಲ್ಲರೂ ಬಲ್ಲ ಸಂಗತಿ. ಹಿಂದೆ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ ಬೋಧನೆಯನ್ನು 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಳಿಸಲಾಯಿತು. ಕಲಿಯುವ ವರ್ಷಗಳು ಹೆಚ್ಚಿದವೇ ಹೊರತು ಕಲಿತ ಪದಗಳು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲವೆಂಬುದು ನನ್ನ ಅನುಭವ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಉತ್ತಮ ಅಂಕ ಪಡೆದ ಕನ್ನಡ ಮಾಧ್ಯಮದ ಹುಡುಗನು ಪದವಿಪೂರ್ವ ತರಗತಿಯನ್ನು ಸೇರಿ, ಅದೇ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸಲಾರದೆ, ದೀಪಾವಳಿಗೆಂದು ಊರಿಗೆ ಹೋದವನು ಹಿಂದಿರುಗದೆ ಇದ್ದುದನ್ನು ಒಂದಲ್ಲ, ಹಲವು ಬಾರಿ ಕಂಡಿದ್ದೇನೆ. ಅವನಿಗೆ ವಿಷಯ ತಿಳಿಯದೆ ಇರಲಿಲ್ಲ, ಪದ ತಿಳಿಯಲಿಲ್ಲ.

ಇದಕ್ಕೆ ಪರಿಹಾರವೆಂದು ಒಂದು ಸುಲಭೋಪಾಯವು ಬಹುಕಾಲದಿಂದ ಬಳಕೆಯಲ್ಲಿದೆ. ಒಂದೇ ಬಗೆಯ ಅಕ್ಷರಗಳಿಂದ ಮೊದಲಾಗುವ ಪದಗಳನ್ನು ಸಾಲಾಗಿ ಬರೆದು ಕಂಠಪಾಠ ಮಾಡಿಸುವುದು. ಮೊದಲಕ್ಷರಗಳು ಹಗ್ಗದಂತೆ, ಒಂದನ್ನು ಎಳೆದರೆ ಉಳಿದವು ತಾವಾಗಿ ಬರುತ್ತವೆಂಬುದು ಇದರ ಹಿಂದಿರುವ ನಂಬಿಕೆ. ಈ ಉಪಾಯವನ್ನು ನಾನು ಪೂರ್ತಿಯಾಗಿ ತಳ್ಳಿಹಾಕುವವನಲ್ಲ. ಆದರೆ ಅದು ಪಟ್ಟಿಯಾಗಿಯೇ ನಿಂತರೆ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚೆಂದು ಹೇಳದೆ ಇರಲಾರೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ‘ಪೋಸ್ಟ್’ ಎಂದು ಮೊದಲಾಗುವ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪೋಸ್ಟ್ ಎಂದರೆ ‘ಅನಂತರ’ ಎಂದು ವಿವರಿಸುತ್ತಿದ್ದೆ. ಪೋಸ್ಟ್‌ಮಾರ್ಟಂ ಎಂದರೆ ಮರಣಾನಂತರದ್ದು, ಪೋಸ್ಟ್ ಗ್ರಾಜುಯೇಟ್ ಎಂದರೆ ಪದವಿಯ ಅನಂತರ ಓದುವವನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಹಾಗಾದರೆ ಪೋಸ್ಟ್‌ಮನ್ ಎಂದರೆ ತಡವಾಗಿ ಬರುವವನೇ, ಸಾರ್?” ಎಂದು ಕೇಳಿದನು. ತರಗತಿ ನಕ್ಕಿತು, ನಾನೂ ನಕ್ಕೆ. ಉತ್ತರ ಮಾತ್ರ ಅಂದು ನನ್ನಲ್ಲಿರಲಿಲ್ಲ. ಮನೆಗೆ ಹೋಗಿ ನಿಘಂಟನ್ನು ತೆರೆದಾಗ ತಿಳಿದದ್ದು ಇದು: ಅಂಚೆಯ ಪೋಸ್ಟ್ ಬೇರೆಯದೇ ಪದ. ‘ನಿಲ್ಲಿಸು, ಇರಿಸು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದಿದೆ. ಓಲೆ ಒಯ್ಯುವವರಿಗಾಗಿ ದಾರಿಯುದ್ದಕ್ಕೂ ಕುದುರೆಗಳನ್ನು ನಿಲ್ಲಿಸುತ್ತಿದ್ದ ಕಾಲದ ನೆನಪು ಅದರಲ್ಲಿದೆ.

ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬೆಂಗಳೂರಿನ ಕಡೆಯಿಂದ ಬರುವ ರೈಲುಗಳು ಕಡೂರನ್ನು ದಾಟಿ ಬೀರೂರು ಜಂಕ್ಷನ್ನಿನವರೆಗೆ ಒಂದೇ ಮಾರ್ಗದಲ್ಲಿ ಸಾಗುತ್ತವೆ. ಅಲ್ಲಿಂದ ಮುಂದೆ ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನತ್ತ ಹೊರಳುತ್ತದೆ. ಕಡೂರಿನಲ್ಲಿ ನಿಂತು ಎಂಜಿನ್ನಿನ ಮುಖವನ್ನು ನೋಡಿ ಅದು ತಲುಪುವ ಊರನ್ನು ಹೇಳಬಲ್ಲವರು ಯಾರು?

ನಮ್ಮ ಪೂರ್ವಿಕರು ಪದಗಳನ್ನು ಕಲಿಸಿದ ಬಗೆಯೇ ಬೇರೆ. ಅಮರಕೋಶದಲ್ಲಿ ಸ್ವರ್ಗವರ್ಗ, ಭೂಮಿವರ್ಗ, ವನೌಷಧಿವರ್ಗ ಎಂದು ಅರ್ಥಾನುಸಾರವಾಗಿ ಪದಗಳು ಕೂಡಿಕೊಂಡಿವೆ. ಅಕಾರಾದಿಯಾಗಿ ಜೋಡಿಸಿದ 1894ರ ಕಿಟ್ಟೆಲ್ ನಿಘಂಟಿನಂಥವು ಹುಡುಕುವವನಿಗೆ ಅನುಕೂಲ. ಕಲಿಯುವವನಿಗೆ ಅರ್ಥದ ನಂಟೇ ಬೇಕು. ಮೊದಲಕ್ಷರವೂ ಅರ್ಥವೂ ಒಂದಾಗಿ ಬರುವ ಎಡೆಯೊಂದಿದ್ದರೆ ಅದು ಉಪಸರ್ಗ. ನನ್ನ ಮಾತಿನ ತಿರುಳು ಇರುವುದು ಇಲ್ಲಿಯೇ.

ಕನ್ನಡದ ಮಗುವಿಗೆ ಈ ಕ್ರಮ ಹೊಸತೇನಲ್ಲ. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ, ಹೆಬ್ಬಾವು ಎನ್ನುವಾಗ ಮೊದಲಲ್ಲಿ ನಿಂತಿರುವುದು ‘ಹಿರಿದು’ ಎಂಬುದೇ. ಹೆಗಲು, ಹೆಸರುಗಳಲ್ಲಿ ಅದು ಇಲ್ಲವೆಂಬುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು, ಮುಂಗಡ, ಮುನ್ನುಡಿಗಳನ್ನು ಬಲ್ಲ ರೈತನ ಮಗನಿಗೆ ಪಿ, ಆರ್, ಇ ಎಂಬ ಮೂರು ಅಕ್ಷರಗಳು ಇಂಗ್ಲಿಷಿನ ‘ಮುನ್’ ಎಂದು ತಿಳಿಸಿದರೆ ಸಾಕು. ಪ್ರೆಫೇಸ್ ಮುನ್ನುಡಿಯಾಗುತ್ತದೆ, ಪ್ರಿಪೇಯ್ಡ್ ಮುಂಗಡವಾಗುತ್ತದೆ.

ಇಂಗ್ಲಿಷ್ ಪದಗಳನ್ನಂತೂ ನಮ್ಮ ಹಳ್ಳಿಗಳು ಎಂದೋ ಮನೆಯೊಳಕ್ಕೆ ಕರೆದುಕೊಂಡಿವೆ. ಕಡೂರಿನ ಬಯಲಿನಲ್ಲಿ ಕೊಳವೆಬಾವಿ ತೆಗೆಸಿದ ಮನೆಯ ಮಗುವಿಗೆ ಸಬ್‌ಮರ್ಸಿಬಲ್ ಪಂಪು ಗೊತ್ತು. ಪೊಲೀಸ್ ಸಬ್ ಇನ್ಸ್‌ಪೆಕ್ಟರು ಗೊತ್ತು. ತರೀಕೆರೆಯು ಕಂದಾಯ ಉಪವಿಭಾಗವೆಂದರೆ ಸಬ್ ಡಿವಿಷನ್ ಎಂಬುದೂ ಗೊತ್ತು. ಈ ‘ಸಬ್’ ಎಂದರೆ ಕೆಳಗಿನದು, ನಮ್ಮ ‘ಉಪ’ದ ದೂರದ ಬಂಧು ಎಂದು ಹೇಳುವವರು ಮಾತ್ರ ಇಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ತೋಟ ಒಣಗುವ ಸಂಕಟವನ್ನು ಅನುಭವಿಸಿದ ಹುಡುಗನಿಗೆ, ಶಾಲೆ ಬಿಡುವಾಗ ಪಡೆಯುವ ಟ್ರಾನ್ಸ್‌ಫರ್ ಸರ್ಟಿಫಿಕೇಟಿನಲ್ಲಿಯೂ ಮಡಿಯ ಸಸಿಯನ್ನು ಗದ್ದೆಗೆ ದಾಟಿಸುವ ಟ್ರಾನ್ಸ್‌ಪ್ಲಾಂಟಿನಲ್ಲಿಯೂ ಅದೇ ‘ದಾಟಿಸುವ’ ಭಾವವಿದೆಯೆಂದು ತೋರಿಸಿಕೊಟ್ಟರೆ ಅವನ ಕಣ್ಣು ಅರಳುವುದನ್ನು ನೋಡಬೇಕು. ರಿಪೇರಿಯೆಂಬ ಪದವನ್ನು ಕೇಳದ ಮನೆಯುಂಟೆ? ಮತ್ತೆ ಸಿದ್ಧಗೊಳಿಸುವುದು ರಿಪೇರ್. ಮೊದಲೇ ಸಿದ್ಧಗೊಳಿಸುವುದು ಪ್ರಿಪೇರ್. ಧಾತು ಒಂದೇ, ಉಪಸರ್ಗ ಬೇರೆ.

ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳನ್ನು ವ್ಯಾಕರಣದ ಪಾಠದಲ್ಲಿ ಕಲಿಸುವ ಕನ್ನಡ ಪಂಡಿತರು ಪಕ್ಕದ ಕೊಠಡಿಯಲ್ಲಿಯೇ ಇದ್ದಾರೆ. ಸಂಸ್ಕೃತದ 22 ಉಪಸರ್ಗಗಳಲ್ಲಿ ಕೆಲವು ಗ್ರೀಕ್, ಲ್ಯಾಟಿನ್ ಉಪಸರ್ಗಗಳಿಗೆ ಒಡಹುಟ್ಟಿದವು. ನಮ್ಮ ‘ಪರಿ’ ಅವರ ‘ಪೆರಿ’. ನಮ್ಮ ‘ದುಸ್’ ಅವರ ‘ಡಿಸ್’, ಎಂದರೆ ಡಿಸೆಂಟ್ರಿಯಲ್ಲಿರುವಂಥದು. ನಮ್ಮ ‘ಪ್ರ’ ಅವರ ‘ಪ್ರೊ’. ಸಂಧಿಯಲ್ಲಿಯೂ ಹೋಲಿಕೆಯುಂಟು. ಉತ್ ಮತ್ತು ಲೇಖ ಸೇರಿ ಉಲ್ಲೇಖವಾದ ಹಾಗೆಯೇ ‘ಇನ್’ ಎಂಬ ನಿಷೇಧವು ಲೀಗಲ್ ಎಂಬುದರ ಮುಂದೆ ‘ಇಲ್’ ಆಗಿ ಇಲ್ಲೀಗಲ್ ಎಂದಾಗುತ್ತದೆ. ಪಾಸಿಬಲ್ ಎಂಬುದರ ಮುಂದೆ ‘ಇಮ್’ ಆಗುತ್ತದೆ. ಈ ಮರ್ಮವನ್ನು ತಿಳಿಯದವನು ಎಲ್, ಎಂ, ಆರ್ ಎಂದು ಬೇರೆಬೇರೆ ಪಟ್ಟಿಗಳನ್ನು ಉರುಹೊಡೆಯಬೇಕು. ತಿಳಿದವನಿಗೆ ಅದೊಂದು ಸಂಧಿ, ಅಷ್ಟೆ.

ವಿಜ್ಞಾನದ ಪಠ್ಯಕ್ಕೆ ಬಂದರೆ ಇದರ ಲಾಭ ಇನ್ನೂ ಸ್ಪಷ್ಟ. ಫೋಟೋಸಿಂಥೆಸಿಸ್ ಎಂಬ ಪದವನ್ನು ನೋಡಿ ಬೆದರುವ ಹುಡುಗನು ಹತ್ತನೆಯ ತರಗತಿಯವರೆಗೆ ದ್ಯುತಿಸಂಶ್ಲೇಷಣೆಯನ್ನು ಓದಿದವನೇ. ದ್ಯುತಿಯೆಂದರೆ ಫೋಟೋ, ಸಂ ಎಂದರೆ ಸಿನ್. ಆ ಕನ್ನಡ ಪದವನ್ನು ಕಟ್ಟಿದವರು ಇಂಗ್ಲಿಷ್ ಪದದ ಕೀಲುಗಳನ್ನು ಒಂದೊಂದಾಗಿ ಬಿಚ್ಚಿ ಕನ್ನಡದಲ್ಲಿ ಜೋಡಿಸಿದ್ದಾರೆ. ನಾವು ಅದನ್ನು ಮರಳಿ ಬಿಚ್ಚಿ ತೋರಿಸಬೇಕು. ಜಲಜನಕ ಹೈಡ್ರೋಜನ್, ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಜಲವಿದ್ಯುತ್ ಹೈಡ್ರೋಎಲೆಕ್ಟ್ರಿಕ್. ತೆಂಗು, ರಾಗಿ, ಈರುಳ್ಳಿಗಳು ಏಕದಳ, ಎಂದರೆ ಮಾನೋಕಾಟ್; ತೊಗರಿ, ಹುರುಳಿಗಳು ದ್ವಿದಳ, ಎಂದರೆ ಡೈಕಾಟ್. ಕನ್ನಡ ಮಾಧ್ಯಮದಲ್ಲಿ ಕಲಿತದ್ದು ಇಂಗ್ಲಿಷಿಗೆ ಅಡ್ಡಿಯೆಂದು ಕೊರಗುವ ತಂದೆತಾಯಿಗಳು ಇದನ್ನೊಮ್ಮೆ ಪರಿಭಾವಿಸಬೇಕು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡವನ್ನು ತರಬಾರದೆನ್ನುವ ಸಹೋದ್ಯೋಗಿಗಳು ನಮ್ಮಲ್ಲಿದ್ದಾರೆ. ವಾಕ್ಯರಚನೆಯ ಪಾಠದಲ್ಲಿ ಅವರ ಮಾತನ್ನು ಒಪ್ಪುತ್ತೇನೆ. ಪದದ ಪಾಠದಲ್ಲಿ ಒಪ್ಪಲಾರೆ. ಪದವನ್ನು ಬಿಡಿಸಿದ ಮಾತ್ರಕ್ಕೆ ಭಾಷೆ ಬಂದುಬಿಡುವುದಿಲ್ಲವೆಂಬುದೂ ನಿಜವೇ. ಇನ್‌ಫ್ಲೇಮಬಲ್ ಎಂಬುದರ ‘ಇನ್’ ನಿಷೇಧವಲ್ಲ. ಅದನ್ನು ‘ಹೊತ್ತಿಕೊಳ್ಳದ್ದು’ ಎಂದು ತಿಳಿದವನು ಪೆಟ್ರೋಲಿನ ಪಕ್ಕದಲ್ಲಿ ಬೀಡಿ ಹಚ್ಚಿಯಾನು! ಆದುದರಿಂದ ಊಹೆ ಮೊದಲು, ನಿಘಂಟು ಆಮೇಲೆ, ಎರಡೂ ಬೇಕು.

ಈ ಮಾತನ್ನು ದಾನಿಗಳಲ್ಲಿಯೂ ವಿನಯದಿಂದ ನಿವೇದಿಸಿಕೊಳ್ಳುತ್ತೇನೆ. ಕೊಠಡಿ ಕಟ್ಟಿಸಿದವರ ಹೆಸರು ಗೋಡೆಯ ಕಲ್ಲಿನಲ್ಲಿ ಉಳಿಯುತ್ತದೆ. ನಿಘಂಟಿಗೆ ಕಲ್ಲು ಕೂರಿಸಲು ಬರುವುದಿಲ್ಲ, ಆದುದರಿಂದಲೋ ಏನೋ ಅದನ್ನು ಕೊಡುವವರು ವಿರಳ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಂಥದೊಂದು ತರಗತಿಗೆ ಒಂದರಂತೆ ಮಕ್ಕಳ ಕೈಗೆಟಕುವ ಹಾಗಿದ್ದರೆ, ಅಧ್ಯಾಪಕರ ಅರ್ಧ ಕೆಲಸವನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ.

ಕಳೆದ ವರ್ಷ ಎಂಟನೆಯ ತರಗತಿಯವರಿಗೆ ಉಪಸರ್ಗಕ್ಕೊಂದು ಪುಟದಂತೆ ನೋಟುಪುಸ್ತಕವಿಡಲು ಹೇಳಿದ್ದೆ. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ಪದಗಳನ್ನೇ ಬರೆಯಬೇಕೆಂಬುದು ನಿಯಮ. ಒಬ್ಬ ಹುಡುಗಿಯ ಪುಸ್ತಕದಲ್ಲಿ ‘ರಿ’ ಎಂಬ ಪುಟದಲ್ಲಿ ರಿಪೇರಿ, ರಿಟರ್ನ್, ರಿಚಾರ್ಜ್ ಎಂದಿದ್ದು, ಅವುಗಳ ಕೆಳಗೆ ‘ರೆಡಿ’ ಎಂದೂ ಇತ್ತು. ನಾನು ಅದನ್ನು ಹೊಡೆದುಹಾಕಲಿಲ್ಲ. ನಿಘಂಟನ್ನು ನೋಡಿ ನೀನೇ ತೀರ್ಮಾನಿಸು ಎಂದೆ. ಅವಳು ಹೋದಷ್ಟೇ ಬೇಗ ಹಿಂದಿರುಗಿದಳು. ಇದ್ದ ಒಂದು ಪ್ರತಿಯನ್ನು ಹತ್ತನೆಯ ತರಗತಿಯವರು ಒಯ್ದಿದ್ದರು.