ಇತ್ಯಾದಿಯೊಳಗಿನ ಕನ್ನಡ

ಮನೆಯ ಹಿರಿಯರು ಕಾಗದಪತ್ರಗಳನ್ನೆಲ್ಲ ಒಂದೇ ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡುವಂತೆ, ಯೂನಿಕ್ಸ್ ಸಂಪ್ರದಾಯದ ಗಣಕಯಂತ್ರಗಳು ತಮ್ಮ ಕಟ್ಟಳೆಗಳನ್ನು ಒಂದೇ ಕಡೆ ಇಟ್ಟುಕೊಳ್ಳುತ್ತವೆ. ಆ ಪೆಟ್ಟಿಗೆಯ ಹೆಸರು ‘ಇಟಿಸಿ’; ಎಂದರೆ ‘ಇತ್ಯಾದಿ’. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಈ ಪರಂಪರೆಯಲ್ಲಿ ಕಟ್ಟಳೆಯೆಂಬುದು ಗೂಢಲಿಪಿಯಲ್ಲ, ಸಾದಾ ಬರಹ. ಯಂತ್ರದ ಹೆಸರೇನು, ಯಾರಿಗೆ ಯಾವ ಅಧಿಕಾರ, ತೆರೆಯ ಮೇಲೆ ಯಾವ ಭಾಷೆ, ಎಲ್ಲವೂ ಅಲ್ಲಿ ಸಾಲುಸಾಲಾಗಿ ಬರೆದಿರುತ್ತದೆ.

ಇದೇ ಸಂಪ್ರದಾಯದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಇತ್ಯಾದಿಯಲ್ಲಿ ‘ಲೊಕೇಲ್ ಜೆನ್’ ಎಂಬ ಕಡತವೊಂದುಂಟು. ಅದು ಜಗತ್ತಿನ ನುಡಿಗಳ ಪಟ್ಟಿ. ಕನ್ನಡಕ್ಕೂ ಅಲ್ಲಿ ಒಂದು ಸಾಲು ಮೀಸಲಾಗಿದೆ. ಆದರೆ ಸಾಲಿನ ಮುಂದೆ, ಚೌಕಾಬಾರದ ಮನೆ ಬರೆಯಲು ಹೊರಟು ಅರ್ಧಕ್ಕೇ ಬಿಟ್ಟಂತೆ, ಎರಡು ಅಡ್ಡಗೆರೆ ಎರಡು ಉದ್ದಗೆರೆ ಹೆಣೆದ ಗುರುತು. ಅದಿದ್ದ ಸಾಲನ್ನು ಯಂತ್ರ ಓದದೆಯೇ ದಾಟಿಹೋಗುತ್ತದೆ. ಗುರುತನ್ನು ಅಳಿಸಿ, ‘ಲೊಕೇಲ್-ಜೆನ್’ ಎಂದು ಆಜ್ಞೆಯನ್ನು ಬೆರಳಚ್ಚಿಸಿ, ‘ಅಪ್‌ಡೇಟ್-ಲೊಕೇಲ್’ ಎಂಬ ಇನ್ನೊಂದು ಆಜ್ಞೆಯಿಂದ ಕನ್ನಡವೇ ರೂಢಿಯ ಭಾಷೆಯೆಂದು ಬರೆಯಿಸಿದರಾಯಿತು. ಮರಳಿ ಒಳಹೊಕ್ಕು ದಿನಾಂಕ ಕೇಳಿದವರಿಗೆ ವಾರದ ಹೆಸರು ಕನ್ನಡದಲ್ಲಿ ದೊರೆಯುತ್ತದೆ. (ಚಿತ್ರವಿಲ್ಲದ ಬರಿಯ ಕಪ್ಪು ತೆರೆಗೆ ಕನ್ನಡದ ಅಕ್ಷರ ಕೂಡಿಸಲು ಬಾರದು, ಚಿತ್ರಮಯ ತೆರೆಯೇ ಬೇಕು.)

ಕಾವೇರಿಯ ಬದಿಯ ಮುಳ್ಳೂರಿನಂಥ ಊರಿಗೆ ಇದು ಅಲ್ಪ ಸಂಗತಿಯಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮನೆಯ ಮಾತು ಕನ್ನಡ, ಜಿಲ್ಲೆಯ ಕಚೇರಿ ಇನ್ನೊಂದು ಸೀಮೆಯಲ್ಲಿ. ಆ ತಲೆಮಾರಿನವರ ಮೊಮ್ಮಕ್ಕಳು ಯಂತ್ರದ ಮುಂದೆ ಕುಳಿತರೆ ತಮ್ಮ ನುಡಿಯನ್ನು ಯಾರಲ್ಲಿಯೂ ಬೇಡಬೇಕಾಗಿಲ್ಲ. ಅದು ಪಟ್ಟಿಯಲ್ಲಿ ಇದ್ದೇ ಇದೆ, ಎಬ್ಬಿಸಬೇಕು, ಅಷ್ಟೆ.

ಎಬ್ಬಿಸುವವರಿಗೆ ಮಾತ್ರ ಎಚ್ಚರ ಅವಶ್ಯ. ಇತ್ಯಾದಿಯನ್ನು ಮುಟ್ಟಲು ಮೇಲಧಿಕಾರ ಬೇಕು. ಅದನ್ನು ಗಳಿಗೆಯ ಮಟ್ಟಿಗೆ ಕೊಡಿಸುವ ಆಜ್ಞೆಯ ಹೆಸರು ಕನ್ನಡದ ಕಿವಿಗೆ ‘ಸುಡು’ ಎಂದೇ ಕೇಳುತ್ತದೆ. ಹೆಸರಿಗೆ ತಕ್ಕಂತೆ ಕೈ ಸುಟ್ಟುಕೊಂಡವರೂ ಉಂಟು. ಯಾರು ಯಾರಿಗೆ ಈ ಅಧಿಕಾರವೆಂಬ ಕಡತದಲ್ಲಿ ಒಂದು ಅಕ್ಷರ ತಪ್ಪಿದರೂ ಯಜಮಾನನೇ ಬಾಗಿಲಾಚೆ ನಿಲ್ಲಬೇಕಾದೀತು, ತಪ್ಪನ್ನು ತಿದ್ದುವ ಅಧಿಕಾರವೂ ಅದರೊಡನೆಯೇ ಹೋದೀತು. ಆದುದರಿಂದಲೇ ‘ವೈಸುಡು’ ಎಂಬ ಸಾಧನ ಹುಟ್ಟಿದುದು. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಕೈಹಾಕದಂತೆ ಅದು ಮೂಲಕ್ಕೆ ಬೀಗವಿಕ್ಕುತ್ತದೆ. ತಿದ್ದಲು ಪ್ರತಿಯೊಂದನ್ನು ಕೊಟ್ಟು, ಬರೆದುದನ್ನು ಪರೀಕ್ಷಿಸಿದ ಬಳಿಕವೇ ಮೂಲಕ್ಕೆ ಸೇರಿಸುತ್ತದೆ. ತಪ್ಪು ಕಂಡರೆ ಸಾಲಿನ ಸಂಖ್ಯೆ ಹೇಳಿ, ಮುಂದೇನೆಂದು ಕೇಳುತ್ತದೆ. ಮತ್ತೆ ತಿದ್ದಬಹುದು, ತಿದ್ದುಪಡಿ ಕೈಬಿಡಬಹುದು. ತಪ್ಪನ್ನೇ ಉಳಿಸಿ ಹೋಗುತ್ತೇನೆಂದರೆ ಅದಕ್ಕೂ ದಾರಿಯುಂಟು, ಆದರೆ ಅದರ ಮುಂದೆ ‘ಅಪಾಯ’ವೆಂದೇ ಬರೆದಿದೆ. ಇಂಥ ಸೌಜನ್ಯ ಯಂತ್ರಗಳಲ್ಲಿ ಅಪರೂಪ.

ತಿದ್ದಿದ್ದು ತಪ್ಪಲ್ಲ, ಆದರೂ ನಿನ್ನೆ ಸರಿಯಿದ್ದ ಯಂತ್ರ ಇಂದು ಮುನಿಸಿಕೊಂಡಿದೆ ಎಂಬಾಗ ನೆರವಿಗೆ ಬರುವುದು ಜೋಯಿ ಹೆಸ್ ರಚಿಸಿದ ‘ಇಟಿಸಿಕೀಪರ್’. ಇಡೀ ಇತ್ಯಾದಿಯ ಚರಿತ್ರೆಯನ್ನು ಅದು ದಾಖಲೆ ಮಾಡುತ್ತದೆ; ಯಾವ ಸಾಲು ಎಂದು ಬದಲಾಯಿತೆಂದು ತೋರಿಸುತ್ತದೆ, ಹಳೆಯದನ್ನು ಮರಳಿಸುತ್ತದೆ. ಗುಪ್ತಪದಗಳ ಕಡತವೂ ಆ ಚರಿತ್ರೆಯೊಳಗೆ ಸೇರುವುದರಿಂದ, ಅದನ್ನು ಪರರ ಕೈಗೆ ಕೊಡುವಂತಿಲ್ಲ.