ಹಿತ್ತಿಲ ಗಿಡ ಚಿತ್ರಕ್ಕೆ ಸಲ್ಲದೇ?

ಛಾಯಾಚಿತ್ರ ಪ್ರದರ್ಶನವೊಂದಕ್ಕೆ ನಾನು ಕಳುಹಿಸಿದ್ದ ಚಿತ್ರ ಹಿಂದಿರುಗಿ ಬಂದಿತು. ನಮ್ಮ ಅಡುಗೆಮನೆಯ ಕಿಟಕಿ, ಅದರ ಕಟ್ಟೆಯ ಮೇಲೆ ಬೋರಲು ಹಾಕಿದ ನಾಲ್ಕು ಲೋಟ, ಗೋಡೆಗೆ ಒರಗಿಸಿದ ಮೊರ, ಬೆಳಗಿನ ಎಳೆಬಿಸಿಲು: ಅದರಲ್ಲಿದ್ದುದು ಇಷ್ಟೆ. ತೀರ್ಪುಗಾರರೊಬ್ಬರನ್ನು ಕಾರಣ ಕೇಳಿದೆ. "ಕೈಚಳಕ ಇದೆ ಮೇಷ್ಟ್ರೇ, ಆದರೆ ವಿಷಯವೇ ಇಲ್ಲವಲ್ಲ!" ಎಂದರು.

ಇವರು ಹೇಳುವ ವಿಷಯ ಯಾವುದೆಂದು ತಿಳಿಯಲು ಪ್ರದರ್ಶನದ ಗೋಡೆಗಳನ್ನು ನೋಡಿದರೆ ಸಾಕು. ಗೋಧೂಳಿಯಲ್ಲಿ ಮರಳುವ ದನಗಳು, ಕೆಂಪು ರುಮಾಲಿನ ಮುದುಕ, ಮಂಜಿನಲ್ಲಿ ದೋಣಿ, ಸಂಜೆಗೆಂಪಿನಲ್ಲಿ ಗೋಪುರ. ಪರವೂರ ಮುದುಕನ ಸುಕ್ಕು ಕಲೆ. ನಮ್ಮ ಮನೆಯ ಅಜ್ಜಿಯ ಸುಕ್ಕು ಬರಿಯ ಸುಕ್ಕು. ಐವತ್ತು ಮೈಲಿ ಆಚೆಯ ಬಡತನ ಸುಂದರ. ನಮ್ಮ ಬಟ್ಟೆ ಒಗೆಯುವ ಕಲ್ಲು ಕ್ಷುದ್ರ. 'ಹಿತ್ತಿಲ ಗಿಡ ಮದ್ದಲ್ಲ' ಎಂದು ಹಿರಿಯರು ನಮ್ಮ ಕುರುಡುತನವನ್ನು ಅಣಕಿಸಿದರು. ನಮ್ಮ ಛಾಯಾಗ್ರಾಹಕರು ಆ ಅಣಕವನ್ನೇ ಕಲಾಸೂತ್ರ ಮಾಡಿಕೊಂಡಿದ್ದಾರೆ!

ಈ ಕುರುಡುತನಕ್ಕೆ ತೆರುವ ಬೆಲೆ ಏನೆಂಬುದನ್ನು ನಾನು ಬಲ್ಲೆ. ನಮ್ಮ ತಂದೆಯವರ ಬಳಿ ಯಾಶಿಕಾ ಕ್ಯಾಮೆರಾ ಒಂದಿತ್ತು. ಎರಡು ಕಣ್ಣಿನದು, ಮೇಲಿನಿಂದ ಬಗ್ಗಿ ನೋಡುವಂಥದು. ಬೇಲೂರು, ಜೋಗ, ಗೋಳಗುಮ್ಮಟ, ನೆಂಟರ ಮದುವೆ, ಎಲ್ಲವನ್ನೂ ಅದರಲ್ಲಿ ತೆಗೆದರು. ತಾಯಿಯವರು ತೀರಿಕೊಂಡಾಗ ಹಾರ ಹಾಕಲು ಒಂದು ಪಟ ಬೇಕಾಯಿತು. ಪೆಟ್ಟಿಗೆಯೆಲ್ಲ ತಡಕಿ, ಕೊನೆಗೆ ಯಾರದೋ ಮದುವೆಯ ಗುಂಪಿನಿಂದ ಅವರ ಮುಖವನ್ನು ಬೇರ್ಪಡಿಸಿ ದೊಡ್ಡದು ಮಾಡಿಸಿದೆವು. ಆ ಪಟದ ಅಂಚಿನಲ್ಲಿ ಇಂದಿಗೂ ಇನ್ನಾರದೋ ಭುಜವಿದೆ. ಅವರು ದಿನವೂ ಕುಳಿತು ಅಕ್ಕಿ ಆರಿಸುತ್ತಿದ್ದ ಹಿತ್ತಿಲ ಹೊಸ್ತಿಲಿನ ಚಿತ್ರ ಒಂದೂ ಇಲ್ಲ. ಗೋಳಗುಮ್ಮಟದ್ದು ಮಾತ್ರ ಏಳಿವೆ. ಗುಮ್ಮಟವೋ, ಈಗಲೂ ವಿಜಯಪುರದಲ್ಲಿ ಭದ್ರವಾಗಿದೆ!

ಆ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಮೊಬೈಲಿನ ಕಾಲದಲ್ಲಿ ಈ ಹಳೆಯ ಡಬ್ಬದ ಶೋಕಿ ಏಕೆ ಎನ್ನುವವರಿದ್ದಾರೆ. ಹೌದು, ಫಿಲ್ಮಿನ ಸುರುಳಿಯೊಂದಕ್ಕೆ ನೂರಾರು ರೂಪಾಯಿ. ಸಿಕ್ಕುವುದು 12 ಚಿತ್ರ. ಆದರೆ ಗುಟ್ಟು ಇರುವುದು ಆ ಹನ್ನೆರಡರಲ್ಲೇ. ಮೊಬೈಲಿನಲ್ಲಿ ಸಾವಿರ ತೆಗೆಯುತ್ತೇವೆ, ಒಂದನ್ನೂ ನೋಡುವುದಿಲ್ಲ. ಹನ್ನೆರಡೇ ಇದ್ದಾಗ ಮೊದಲು ನೋಡಬೇಕು, ಆಮೇಲೆ ತೆಗೆಯಬೇಕು. 1901ರಲ್ಲಿ ಕೊಡಕ್ ಕಂಪನಿ ಹೊರತಂದ 120 ಎಂಬ ಅಳತೆಯ ಫಿಲ್ಮು ಇಂದಿಗೂ ತಯಾರಾಗುತ್ತಿದೆ. 'ಮೀಡಿಯಂ ಫಾರ್ಮ್ಯಾಟ್' ಎನ್ನುವುದು ಇದನ್ನೇ. ಇದರ 6×6 ಸೆಂ.ಮೀ. ಚೌಕವು 35 ಮಿ.ಮೀ. ಫಿಲ್ಮಿನ ಚಿತ್ರದ ಮೂರೂವರೆ ಪಟ್ಟಿಗೂ ಮಿಗಿಲು. ಹಂಡೆಯ ಮಸಿ, ಮೊರದ ಹೆಣಿಗೆ ಎರಡೂ ಅದರಲ್ಲಿ ಉಳಿಯುತ್ತವೆ. ಅಡುಗೆಮನೆಯ ಮಬ್ಬಿಗೆ ಸೆಕೆಂಡಿನ 1/15 ಭಾಗವಾದರೂ ಬೇಕು. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ಉಸಿರು ಬಿಗಿಹಿಡಿಯಬೇಕು. ಗಾಜಿನ ಮೇಲಣ ಬಿಂಬದಲ್ಲಿ ಎಡ ಬಲವಾಗಿ, ಬಲ ಎಡವಾಗಿ, ದಿನಾ ಕಂಡ ಮನೆಯೇ ಹೊಸತೆನಿಸುತ್ತದೆ. ತಲೆ ತಗ್ಗಿಸಿ ನೋಡಬೇಕಾದ ಯಂತ್ರವಿದು. ನಮ್ಮ ಮನೆಯ ಮುಂದೆ ನಾವು ತಲೆ ತಗ್ಗಿಸಿದರೆ ನಷ್ಟವೇನು?

ಶಿಕಾಗೋ ನಗರದಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ವಿವಿಯನ್ ಮೇಯರ್ ಎಂಬಾಕೆ ಇಂಥದೇ ಎರಡು ಕಣ್ಣಿನ ರೋಲಿಫ್ಲೆಕ್ಸಿನಲ್ಲಿ ತೆಗೆದದ್ದು ತಾನು ನಡೆದ ಬೀದಿ, ತಾನು ಕಂಡ ಮಕ್ಕಳು, ಕನ್ನಡಿಯಲ್ಲಿ ತನ್ನದೇ ಮುಖ. 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಆಕೆ ತೀರಿಕೊಂಡರು. ಇಂದು ಜಗತ್ತು ಬೆರಗಾಗಿ ನೋಡುತ್ತಿರುವುದು ಆ ದಿನನಿತ್ಯದ ನೋಟಗಳನ್ನೇ. ಕಾಡಿನ ಚಿತ್ರಗಳನ್ನು ನಾನು ಹಳಿಯುತ್ತಿಲ್ಲ. ನಮ್ಮ ಟಿ. ಎನ್. ಎ. ಪೆರುಮಾಳ್ ಅವರು ಹಕ್ಕಿ, ಮೃಗಗಳ ಎದುರು ತೋರಿದ ತಾಳ್ಮೆಗೆ ನಾನೂ ತಲೆಬಾಗುತ್ತೇನೆ. ಆ ತಾಳ್ಮೆಯ ಹತ್ತರಲ್ಲೊಂದು ಪಾಲು ಮನೆಯವರಿಗೂ ಸಲ್ಲಲಿ ಎಂಬುದಷ್ಟೆ ನನ್ನ ವಾದ.

ತೂಕದ ಆಕ್ಷೇಪಣೆ ಬಂದದ್ದು ತೀರ್ಪುಗಾರರಿಂದಲ್ಲ, ನಮ್ಮ ಮನೆಯಾಕೆಯಿಂದ. ನಾನು ಅಡುಗೆಮನೆಯಲ್ಲಿ ಬೆಳಕು ಅಳೆಯುತ್ತ ನಿಂತಿದ್ದಾಗ, "ತೊಳೆದ ಪಾತ್ರೆ ನಿಮ್ಮ ಚಿತ್ರಕ್ಕೆ ಬೇಕು, ತೊಳೆಯೋದು ಮಾತ್ರ ಬೇಡ, ಅಲ್ಲವೇ?" ಎಂದಳು. ಉತ್ತರವಿರಲಿಲ್ಲ. ಕ್ಯಾಮೆರಾ ಕೆಳಗಿಟ್ಟು ಪಾತ್ರೆ ತೊಳೆದೆ. ಆಗ ಕಂಡಿತು, ಪಾತ್ರೆ ತೊಳೆಯುವವರು ನಿಲ್ಲುವ ಜಾಗದಿಂದ ಮಾತ್ರ ಕಾಣುವ ಆ ಕಿಟಕಿ, ಆ ಬಿಸಿಲು. ಹಿಂದಿರುಗಿ ಬಂದ ಚಿತ್ರ ಅಲ್ಲಿ ನಿಂತು ತೆಗೆದದ್ದು. ಅದರಲ್ಲಿ ವಿಷಯವಿಲ್ಲವಂತೆ!

ತೀರ್ಪುಗಾರರು ಇನ್ನೂ ಹತ್ತು ಚಿತ್ರ ಹಿಂದಿರುಗಿಸಲಿ, ಚಿಂತೆಯಿಲ್ಲ. ವಾಚಕರಲ್ಲಿ ನನ್ನ ಬಿನ್ನಹ ಒಂದೇ. ಯಾವ ಕ್ಯಾಮೆರಾವಾದರೂ ಸರಿ, ಹನ್ನೆರಡೇ ಎಂದು ಲೆಕ್ಕವಿಟ್ಟುಕೊಳ್ಳಿ. ಮನೆಯವರ ಕೆಲಸಕ್ಕೆ ಕೈಗೂಡಿಸಿ, ಅವರ ಒಪ್ಪಿಗೆ ಪಡೆದು, ಅವರಿರುವ ಹಾಗೆಯೇ ಚಿತ್ರ ತೆಗೆಯಿರಿ. ಗುಮ್ಮಟ ಕಾಯುತ್ತದೆ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕುಳಿತವರು ಬಹಳ ದಿನ ಕಾಯುವುದಿಲ್ಲ.