ಬಾಂಡ್ ಪೇಪರ್ ಬರೆದ ಮಾತ್ರಕ್ಕೆ ಹೊಲ ನಮ್ಮದಾಗದು

ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಹೊಲದ ವ್ಯವಹಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಯುವುದಿಲ್ಲ, ಊರ ಕಟ್ಟೆಯ ಮೇಲೇ ಮುಗಿದುಹೋಗುತ್ತದೆ. ನಾಲ್ಕು ಜನ ಹಿರಿಯರು ಕೂತು ರೇಟು ಮಾತಾಡುತ್ತಾರೆ. ಬಾಂಡ್ ಪೇಪರ್ ಮೇಲೆ ಕರಾರು ಬರೆಸುತ್ತಾರೆ, ಇಬ್ಬರು ಸಾಕ್ಷಿ ಹಾಕುತ್ತಾರೆ, ಹಣ ಎಣಿಸಿ ಕೊಡುತ್ತಾರೆ. ಕೊಂಡವರು ಆ ಮುಂಗಾರಿಗೇ ಬಿತ್ತನೆ ಶುರು ಮಾಡುತ್ತಾರೆ. ರಿಜಿಸ್ಟ್ರೇಷನ್ ಯಾವಾಗ ಅಂದರೆ, 'ಮುಂದೆ ನೋಡೋಣ, ಅವರೇನು ಹೊರಗಿನವರಾ' ಅನ್ನುವ ಉತ್ತರ ಬರುತ್ತದೆ.

ಆ 'ಮುಂದೆ' ಅನ್ನುವುದೇ ನಮ್ಮ ಜನರನ್ನು ಕೋರ್ಟಿನ ಬಾಗಿಲಿಗೆ ತಂದು ನಿಲ್ಲಿಸುತ್ತಿದೆ.

ಕಾನೂನು ಇಲ್ಲಿ ಬಹಳ ಸ್ಪಷ್ಟವಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಜಮೀನಿನ ಮಾರಾಟ ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು. ಮಾರಾಟದ ಕರಾರು ಜಮೀನಿನ ಮೇಲೆ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಕರಾರು ಅಂದರೆ 'ಮುಂದೆ ಮಾರುತ್ತೇನೆ' ಅನ್ನುವ ಮಾತು ಅಷ್ಟೇ. ಮುಕ್ತಿಯಾರು ಪತ್ರ, ಅಂದರೆ ಜಿಪಿಎ ಬರೆಸಿಕೊಂಡರೂ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಪೂರ್ತಿ ಹಣ ಕೊಟ್ಟಿದ್ದೇವೆ, ಉಳುಮೆಯೂ ನಮ್ಮದೇ, ಇನ್ನೇನು ಬೇಕು ಅನ್ನಬಹುದು. ಆದರೆ ಪಹಣಿಯ 9ನೇ ಕಾಲಂನಲ್ಲಿ ಹೆಸರು ಇನ್ನೂ ಮಾರಿದವರದ್ದೇ ಇರುತ್ತದೆ. ಬೆಳೆ ಪರಿಹಾರ ಬಂದರೆ ಅವರ ಖಾತೆಗೆ ಹೋಗುತ್ತದೆ. ನಿಮಗೆ ಬ್ಯಾಂಕಿನಲ್ಲಿ ಆ ಹೊಲದ ಮೇಲೆ ಬೆಳೆ ಸಾಲ ಸಿಗುವುದಿಲ್ಲ. ಅವರು ಅದೇ ಹೊಲವನ್ನು ಅಡವಿಡಬಹುದು, ಇನ್ನೊಬ್ಬರಿಗೆ ರಿಜಿಸ್ಟರ್ ಮಾಡಿಕೊಡಲೂಬಹುದು. ಮಾರಿದವರು ತೀರಿಕೊಂಡರೆ ಕಥೆ ಇನ್ನೂ ಕಷ್ಟ. ಮಕ್ಕಳು 'ಅಪ್ಪ ಬರೆದುಕೊಟ್ಟಿದ್ದು ನಮಗೆ ಗೊತ್ತಿಲ್ಲ' ಅನ್ನುತ್ತಾರೆ. ಅಷ್ಟರಲ್ಲಿ ಜಮೀನಿನ ಬೆಲೆ ಏರಿರುತ್ತದೆ, ಕಟ್ಟೆಯ ಮೇಲೆ ಕೂತಿದ್ದ ಸಾಕ್ಷಿಗಳಲ್ಲಿ ಒಬ್ಬರು ಇರುವುದಿಲ್ಲ.

ಕೋರ್ಟಿಗೆ ಹೋಗಲೂ ಗಡುವು ಇದೆ. ಕರಾರಿನಲ್ಲಿ ಕ್ರಯಕ್ಕೆ ದಿನ ಗೊತ್ತುಮಾಡಿದ್ದರೆ ಆ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ದಿನ ಬರೆಯದಿದ್ದರೆ, ಎದುರಿನವರು ಆಗುವುದಿಲ್ಲ ಎಂದದ್ದು ತಿಳಿದ ದಿನದಿಂದ 3 ವರ್ಷ. ಇನ್ನೊಂದು ಪೆಟ್ಟೂ ಇದೆ. ಸ್ವಾಧೀನ ಕೊಟ್ಟ ಕರಾರಿಗೆ ನಮ್ಮ ರಾಜ್ಯದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಕಡಿಮೆ ಬೆಲೆಯ ಬಾಂಡ್ ಪೇಪರ್ ಹಿಡಿದು ಕೋರ್ಟಿಗೆ ಹೋದರೆ, ಕೊರತೆ ಶುಲ್ಕದ ಜೊತೆ ಅದರ 10 ಪಟ್ಟು ದಂಡ ಕಟ್ಟುವ ತನಕ ಆ ಕಾಗದವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಉಳಿಸಲು ಹೋದ ದುಡ್ಡು ಹತ್ತು ಪಟ್ಟಾಗಿ ಹೋಗುತ್ತದೆ.

ಹಾಗಾದರೆ ಹಣ ಕೊಡುವ ಮೊದಲು ಏನು ನೋಡಬೇಕು?

ಮೊದಲು ಪಹಣಿ ತೆಗೆಸಿ, 11ನೇ ಕಾಲಂನಲ್ಲಿ ಸಾಲ ಇದೆಯಾ ನೋಡಿ. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ನಾವು ಇಸಿ ಅನ್ನುತ್ತೇವಲ್ಲ, ಅದನ್ನು ತೆಗೆಸಿ. ಆದರೆ ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಬೇರೆಯವರಿಗೆ ಮೊದಲೇ ಬರೆದುಕೊಟ್ಟ ಬಾಂಡ್ ಪೇಪರ್ ಅಲ್ಲಿ ಕಾಣುವುದಿಲ್ಲ, ಅದನ್ನು ಊರಲ್ಲೇ ವಿಚಾರಿಸಬೇಕು.

ಪಿತ್ರಾರ್ಜಿತ ಹೊಲವಾದರೆ ಗಂಡುಮಕ್ಕಳ ಸಹಿ ಸಾಲದು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿತು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆಸಿ, ಅವರೂ ಒಪ್ಪಿ ಸಹಿ ಹಾಕಲಿ. ಇದು ಕೊಳ್ಳುವವರ ಸುರಕ್ಷತೆ ಮಾತ್ರವಲ್ಲ, ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ನ್ಯಾಯ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇನ್ನೂ ಎಚ್ಚರ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಆ ಜಮೀನು ಕೊಂಡರೆ ಅದು ಅಸಿಂಧು. 2023ರ ತಿದ್ದುಪಡಿಯ ನಂತರ ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಬಡವರ ಕೈಗೆ ಬಂದ ಭೂಮಿ ಅವರ ಕೈಯಲ್ಲೇ ಉಳಿಯಲಿ ಎಂದು ಮಾಡಿದ ಕಾನೂನು ಇದು.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ಚಕ್ಕುಬಂದಿಯನ್ನು ಹೊಲಕ್ಕೇ ಹೋಗಿ ನೋಡಿ.

ಮುಂಗಡ ಕೊಡಲೇಬೇಕಾದರೆ ಕರಾರನ್ನೂ ರಿಜಿಸ್ಟರ್ ಮಾಡಿಸಿ, ಕ್ರಯದ ದಿನಾಂಕ ಬರೆಸಿ, ಹಣ ಬ್ಯಾಂಕ್ ಮೂಲಕವೇ ಹೋಗಲಿ. ದೊಡ್ಡ ಮೊತ್ತವನ್ನು ಕ್ರಯಪತ್ರಕ್ಕೆ ಸಹಿ ಬೀಳುವ ದಿನಕ್ಕೇ ಇಟ್ಟುಕೊಳ್ಳಿ. ಮಾರುವವರಿಗೂ ಇದೇ ಮಾತು: ಬಾಕಿ ಹಣ ಖಾತೆಗೆ ಬೀಳುವ ಮೊದಲು 'ಪೂರ್ತಿ ಮುಟ್ಟಿದೆ' ಎಂದು ಬರೆದ ಪತ್ರಕ್ಕೆ ಸಹಿ ಹಾಕಬೇಡಿ.

ರಿಜಿಸ್ಟರ್ ಆದ ಮೇಲೂ ಕೆಲಸ ಉಳಿದಿರುತ್ತದೆ. ಮ್ಯುಟೇಷನ್ ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಬಂತಾ ಎಂದು ನೋಡಿ, ತಕರಾರು ಬಿದ್ದಿದ್ದರೆ ನಾಡಕಚೇರಿಯಲ್ಲಿ ವಿಚಾರಿಸಿ. ಹಾಗೆಯೇ, ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬಂತು ಅಂತಲೂ ಅಲ್ಲ. ಹಕ್ಕು ಬರುವುದು ಕ್ರಯಪತ್ರದಿಂದ, ಪಹಣಿ ಕಂದಾಯದ ದಾಖಲೆ. ಎರಡೂ ಕೈಯಲ್ಲಿರಬೇಕು.

ತಪ್ಪು ಬರೀ ಜನರದ್ದು ಎಂದು ನಾವು ಹೇಳುವುದಿಲ್ಲ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಎಲ್ಲ ಸೇರಿದರೆ 10 ಲಕ್ಷದ ಹೊಲಕ್ಕೆ ಸುಮಾರು 76 ಸಾವಿರ ರೂಪಾಯಿ ಬೇಕು. ಒಂದು ಎಕರೆ ಕೊಳ್ಳಲು ಸಾಲ ಮಾಡಿದ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಅದಕ್ಕೇ ಅವರು 'ಮುಂದೆ ನೋಡೋಣ' ಅನ್ನುವುದು. ಶುಲ್ಕ ಏರಿಸಿದರೆ ಬೊಕ್ಕಸ ತುಂಬಬಹುದು, ಬಾಂಡ್ ಪೇಪರ್ ವ್ಯವಹಾರವೂ ಹೆಚ್ಚುತ್ತದೆ. ಒಂದೆರಡು ಎಕರೆ ಕೊಳ್ಳುವ ಸಣ್ಣ ರೈತರಿಗಾದರೂ ಶುಲ್ಕದಲ್ಲಿ ರಿಯಾಯಿತಿ ಕೊಡಬೇಕು ಎಂಬುದು ನಮ್ಮ ಒತ್ತಾಯ.

ಸರ್ಕಾರ ಕೇಳುವ ತನಕ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ರೇಟು ಮಾತಾಡುವಾಗಲೇ ರಿಜಿಸ್ಟ್ರೇಷನ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯೋಣ. ಮನೆಯ ಪೆಟ್ಟಿಗೆಯಲ್ಲಿ ಹಳೇ ಕರಾರು ಇದ್ದರೆ ಇವತ್ತೇ ತೆಗೆದು ದಿನಾಂಕ ನೋಡಿ. ಮಾರಿದವರು ಬದುಕಿದ್ದು, ಮಾತು ಚೆನ್ನಾಗಿರುವಾಗಲೇ ಕ್ರಯ ಮಾಡಿಸಿಕೊಳ್ಳಿ. ಒಪ್ಪದಿದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತ.